ಊರಿನ ಗೋಡೆ, ಸರ್ಕಾರದ ಮಾಸ್ತರ: ಮುಂಬಯಿ ಕರ್ನಾಟಕದ ಪ್ರಾಥಮಿಕ ಶಾಲೆಗಳ ಹಣಕಾಸು

ನಮ್ಮಲ್ಲಿ ಆಧುನಿಕ ಶಿಕ್ಷಣದ ಇತಿಹಾಸವನ್ನು ಬರೆದವರು ಶಿಕ್ಷಣದ ಮಾಧ್ಯಮ, ಪಠ್ಯಪುಸ್ತಕಗಳ ರಚನೆ, ಮಹನೀಯರ ಪರಿಶ್ರಮ ಇವುಗಳ ಕಡೆಗೆ ವಿಶೇಷ ಗಮನವನ್ನು ಕೊಟ್ಟಿದ್ದಾರೆ. ಧಾರವಾಡ ಪ್ರಾಂತದಲ್ಲಿ ಕನ್ನಡ ಶಾಲೆಗಳಿಗೆ ನೆಲೆ ಒದಗಿಸಿದ ರಸೆಲ್ ಸಾಹೇಬರ ಮತ್ತು ಡೆಪ್ಯುಟಿ ಚನ್ನಬಸಪ್ಪನವರ ಕಾರ್ಯ ಎಲ್ಲರಿಗೂ ತಿಳಿದದ್ದೇ. ಆದರೆ ಶಾಲೆಯ ಗೋಡೆಯನ್ನು ಯಾರು ಕಟ್ಟಿಸಿದರು, ಮಾಸ್ತರನ ಸಂಬಳವನ್ನು ಯಾರು ಕೊಟ್ಟರು ಎಂಬ ಪ್ರಶ್ನೆಯನ್ನು ಕೇವಲ ಲೆಕ್ಕಪತ್ರಗಳ ವಿಷಯವೆಂದು ಬದಿಗಿರಿಸಿರುವುದೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಇದು ಸರಿಯಲ್ಲ. ಹಣ ಯಾರದೆಂಬುದನ್ನು ಅವಲಂಬಿಸಿಯೇ ಶಾಲೆಯ ಬಾಗಿಲು ಯಾರಿಗೆ ತೆರೆದಿರಬೇಕು, ಯಾರಿಗೆ ಮುಚ್ಚಿರಬೇಕು ಎಂಬುದು ಬಹುಕಾಲ ನಿರ್ಣಯವಾಗುತ್ತಿತ್ತು. ಧಾರವಾಡ, ಬೆಳಗಾವಿ ಮೊದಲಾದ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದ ಕಾಲವನ್ನು ಕುರಿತು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿಂದಿನ ಐಗಳ ಮಠಗಳಿಗೆ ಪ್ರತ್ಯೇಕ ಕಟ್ಟಡವೆಂಬುದು ಬೇಕಾಗಿರಲಿಲ್ಲ. ಗುಡಿಯ ಪೌಳಿ, ಮಠದ ಪಡಸಾಲೆ, ಅನುಕೂಲವಂತರ ಮನೆಯ ಕಟ್ಟೆ ಇವೇ ಶಾಲೆಯಾಗುತ್ತಿದ್ದುವು. ಮಕ್ಕಳ ತಂದೆತಾಯಿಗಳು ಕೊಡುವ ಕಾಳುಕಡಿಯೇ ಐಗಳ ಜೀವನೋಪಾಯ. ೧೮೫೪ರಲ್ಲಿ ಚಾರ್ಲ್ಸ್ ವುಡ್ ಅವರ ಶಿಕ್ಷಣಪತ್ರವು ಬಂದು, ಮರುವರ್ಷ ಮುಂಬಯಿಯಲ್ಲಿ ವಿದ್ಯಾ ಇಲಾಖೆಯು ಸ್ಥಾಪಿತವಾದಾಗ, ಹಳ್ಳಿಹಳ್ಳಿಗೆ ಶಾಲೆಯನ್ನು ತೆರೆಯುವಷ್ಟು ಹಣ ಬೊಕ್ಕಸದಿಂದ ಬರುವಂತಿರಲಿಲ್ಲ. ಆದುದರಿಂದ ಒಂದು ಮಧ್ಯಮ ಮಾರ್ಗವನ್ನು ಅನುಸರಿಸಲಾಯಿತು: ಊರವರು ಕಟ್ಟಡವನ್ನು ಒದಗಿಸಿ ಮಾಸ್ತರನ ಸಂಬಳದ ಅರ್ಧವನ್ನು ಕೊಟ್ಟರೆ, ಉಳಿದರ್ಧವನ್ನು ಸರ್ಕಾರ ಕೊಡುವುದು. ಇವುಗಳಿಗೆ ಅರ್ಧ ಸ್ವಾವಲಂಬಿ ಶಾಲೆಗಳೆಂದು ಹೆಸರು. ಊರವರು ಸ್ವಸಂತೋಷದಿಂದ ಕೊಡುವ ವಂತಿಗೆಯೆಂದು ಕಾಗದದಲ್ಲಿ ಬರೆದಿದ್ದರೂ, ಸರ್ಕಾರಿ ಅಧಿಕಾರಿಯು ಬಂದು ಕೇಳಿದಾಗ ರೈತನ ಸಂತೋಷವು ಎಷ್ಟರಮಟ್ಟಿಗೆ ಸ್ವಂತದ್ದಾಗಿರುತ್ತಿತ್ತೆಂಬುದನ್ನು ಊಹಿಸಬಹುದು. ೧೮೫೯ರಲ್ಲಿ ಲಾರ್ಡ್ ಸ್ಟ್ಯಾನ್ಲಿಯವರ ಪತ್ರವು ಅಧಿಕಾರಿಗಳು ಹೀಗೆ ವಂತಿಗೆ ಎತ್ತುವುದನ್ನು ಆಕ್ಷೇಪಿಸಿ, ಅದಕ್ಕೆ ಬದಲಾಗಿ ಭೂಮಿಯ ಮೇಲೆ ಕಡ್ಡಾಯದ ಪಟ್ಟಿಯನ್ನು ಹಾಕುವ ಸೂಚನೆಯನ್ನು ಮುಂದಿಟ್ಟಿತು.

ಇದೇ ವರ್ಷಗಳಲ್ಲಿ ಧಾರವಾಡದಲ್ಲಿ ನಡೆದ ಒಂದು ಪ್ರಸಂಗವು ಹಣಕ್ಕೂ ಪ್ರವೇಶಕ್ಕೂ ಇರುವ ಸಂಬಂಧವನ್ನು ಸ್ಪಷ್ಟಪಡಿಸುತ್ತದೆ. ೧೮೫೬ರ ಜೂನ್ ತಿಂಗಳಿನಲ್ಲಿ ಮಹಾರ ಜಾತಿಯ ಹುಡುಗನೊಬ್ಬನು, ಧಾರವಾಡದ ಸರ್ಕಾರಿ ಶಾಲೆಯಲ್ಲಿ ತನಗೆ ಪ್ರವೇಶ ದೊರೆಯಲಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಮನವಿ ಸಲ್ಲಿಸಿದನು. ಶುಲ್ಕವನ್ನು ತೆರಲು ಸಿದ್ಧನಾಗಿದ್ದ ಹುಡುಗನವನು. ನ್ಯಾಯವು ಅರ್ಜಿದಾರನ ಪಕ್ಷದಲ್ಲಿಯೇ ಇದೆಯೆಂದು ಸರ್ಕಾರವು ಒಪ್ಪಿಕೊಂಡಿತು. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆಯನ್ನು ಬಿಟ್ಟಾರೆಂಬ ಭಯದಿಂದ ಅವನ ಬೇಡಿಕೆಯನ್ನು ತಳ್ಳಿಹಾಕಿತು. ಭಾರತ ಸರ್ಕಾರವು ೧೮೫೭ರಲ್ಲಿ, ಬಂಗಾಳದ ಸರ್ಕಾರಿ ಶಾಲೆಯಲ್ಲಿಯಾಗಿದ್ದರೆ ಹುಡುಗನಿಗೆ ಹೀಗೆ ಆಗುತ್ತಿರಲಿಲ್ಲವೆಂಬರ್ಥದಲ್ಲಿ ಬರೆಯಿತು. ೧೮೫೮ರಲ್ಲಿ ಕಂಪನಿಯ ನಿರ್ದೇಶಕ ಮಂಡಲಿಯು ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವೆಂದು ವಿಧಿಸಿತು.

ಈ ವಾದವಿವಾದದಲ್ಲಿ ಮುಂಬಯಿ ಸರ್ಕಾರವು ಪ್ರಕಟಿಸಿದ ನಿರ್ಣಯವನ್ನು ವಿದ್ಯಾರ್ಥಿಗಳು ಸೂಕ್ಷ್ಮವಾಗಿ ಗಮನಿಸಬೇಕು. ಅದು ಶಾಲೆಗಳನ್ನು ಎರಡು ಬಗೆಯಾಗಿ ವಿಂಗಡಿಸಿತು. ಕೇವಲ ಸರ್ಕಾರದ ಖರ್ಚಿನಿಂದಲೇ ನಡೆಯುವ ಶಾಲೆಗಳು ಎಲ್ಲ ಪ್ರಜೆಗಳಿಗೂ ತೆರೆದವು. ಆದರೆ ಖರ್ಚಿನಲ್ಲಿ ಊರವರದೂ ಪಾಲಿದ್ದು, ಆ ಪಾಲುದಾರರು ಆಕ್ಷೇಪಿಸುವಂತಿದ್ದರೆ ಅಂತಹ ಶಾಲೆಗೆ ಕೆಳಜಾತಿಯ ಮಕ್ಕಳನ್ನು ಸೇರಿಸುವುದು ಸರ್ಕಾರದ ಉದ್ದೇಶವಾಗಿರಲಿಲ್ಲ. ಬೇಕೆನಿಸಿದರೆ ಧನಸಹಾಯವನ್ನು ನಿಲ್ಲಿಸುವ ಹಕ್ಕನ್ನು ಮಾತ್ರ ಸರ್ಕಾರ ತನ್ನಲ್ಲಿ ಉಳಿಸಿಕೊಂಡಿತು. ಹಳ್ಳಿಯ ಶಾಲೆಗಳೋ ಬಹುಮಟ್ಟಿಗೆ ಎರಡನೆಯ ಬಗೆಯವು. ಹೀಗಾಗಿ ವಂತಿಗೆಯನ್ನು ಕೊಟ್ಟವನಿಗೆ ಶಾಲೆಯ ಹೊಸ್ತಿಲಿನ ಮೇಲೆ ಒಂದು ಬಗೆಯ ಯಜಮಾನಿಕೆ ದೊರೆಯಿತು. ವಂತಿಗೆ ಕೊಡುವಷ್ಟು ಭೂಮಿಕಾಣಿ ಇಲ್ಲದವರೂ ಪ್ರವೇಶವಿಲ್ಲದವರೂ ಬಹುಶಃ ಒಂದೇ ಜನರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೧೮೬೩ರಿಂದ ಈ ಸ್ಥಿತಿಯು ತಾತ್ವಿಕವಾಗಿಯಾದರೂ ಬದಲಾಯಿತು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಪಟ್ಟಿಯನ್ನು ಎತ್ತಲು ಮೊದಲುಮಾಡಿ, ೧೮೬೯ರ ಮೂರನೆಯ ಕಾಯಿದೆಯಿಂದ ಅದನ್ನು ಶಾಸನಬದ್ಧಗೊಳಿಸಲಾಯಿತು. ಇದುವೇ ಲೋಕಲ್ ಫಂಡು. ಅದರಲ್ಲಿ ಎರಡು ಪಾಲು ರಸ್ತೆ ಮುಂತಾದ ಕೆಲಸಗಳಿಗೆ, ಒಂದು ಪಾಲು ಶಾಲೆಗಳಿಗೆ. ಹನ್ನೆರಡು ರೂಪಾಯಿ ಕಂದಾಯವನ್ನು ತೆರುವ ರೈತನು ಹನ್ನೆರಡಾಣೆ ಪಟ್ಟಿ ಕೊಟ್ಟರೆ ಅದರಲ್ಲಿ ನಾಲ್ಕಾಣೆ ಶಾಲೆಯದು. ಮೊತ್ತವು ಅಲ್ಪವಾಗಿ ಕಂಡರೂ ಅದರ ಸ್ವರೂಪವು ಬೇರೆ. ವಂತಿಗೆಯು ದಾನ, ಪಟ್ಟಿಯು ತೆರಿಗೆ. ತೆರಿಗೆಯಿಂದ ನಡೆಯುವ ಶಾಲೆಯು ಯಾವನೊಬ್ಬ ದಾನಿಯದೂ ಅಲ್ಲ. ಆದರೆ ತೆತ್ತ ರೈತನ ಮಗನಿಗೇ ಆ ಹಣ ಮುಟ್ಟಿತೆಂದು ಭಾವಿಸಬಾರದು. ಹಳ್ಳಿಯ ಪಟ್ಟಿಯು ಪಟ್ಟಣದ ಶಾಲೆಗಳಿಗೆ ಹರಿದುಹೋಗುತ್ತಿದೆಯೆಂಬ ದೂರು ಮುಂಬಯಿ ಇಲಾಖೆಯಲ್ಲಿ ಪ್ರಬಲವಾಗಿತ್ತು. ೧೮೮೨ರಲ್ಲಿ ಪುಣೆಯ ಜೋತಿರಾವ್ ಫುಲೆಯವರು ಹಂಟರ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ, ಸರ್ಕಾರದ ವರಮಾನವು ರೈತನ ದುಡಿಮೆಯಿಂದ ಬಂದರೂ ಅದು ಮೇಲುವರ್ಗದವರ ಉಚ್ಚ ಶಿಕ್ಷಣಕ್ಕೆ ಧಾರಾಳವಾಗಿ ವ್ಯಯವಾಗುತ್ತಿದೆಯೆಂದು ಕಟುವಾಗಿಯೇ ಆಕ್ಷೇಪಿಸಿದರು.

ಆಯೋಗವು ಸ್ಥಳೀಯ ಶಿಕ್ಷಣನಿಧಿಯ ಮೇಲೆ ಪ್ರಾಥಮಿಕ ಶಿಕ್ಷಣಕ್ಕೇ ಮೊದಲ ಹಕ್ಕೆಂದೂ, ಪಟ್ಟಣದ ಮತ್ತು ಹಳ್ಳಿಯ ನಿಧಿಗಳು ಪ್ರತ್ಯೇಕವಾಗಿರಬೇಕೆಂದೂ ಶಿಫಾರಸು ಮಾಡಿತು. ಧಾರವಾಡದ ಪ್ರಸಂಗವನ್ನು ನೆನೆದು, ಪ್ರಾಂತ, ನಗರಸಭೆ ಅಥವಾ ಸ್ಥಳೀಯ ನಿಧಿಗಳಿಂದ ಪೂರ್ಣವಾಗಿ ನಡೆಯುವ ಶಾಲೆಗಳಲ್ಲಿ ಸರ್ವರಿಗೂ ಪ್ರವೇಶವೆಂಬ ತತ್ವವನ್ನು ಪುನಃ ದೃಢಪಡಿಸಿತು. ಆದರೆ ಅದನ್ನು 'ಎಚ್ಚರಿಕೆಯಿಂದ' ಅನ್ವಯಿಸಬೇಕೆಂದೂ ಸೇರಿಸಿತು. ಆ ಒಂದು ಮಾತಿನ ಮರೆಯಲ್ಲಿ ಪ್ರತ್ಯೇಕ ಶಾಲೆಗಳೇ ಅನುಕೂಲದ ಪರಿಹಾರವಾಗಿ ಕಂಡುವು. ಅಲ್ಲದೆ ಗುಡಿಯ ಪೌಳಿಯಲ್ಲಿ ಶಾಲೆ ನಡೆಯುತ್ತಿರುವವರೆಗೆ, ಸಂಬಳ ಯಾರದಾದರೇನು? ಗುಡಿಯೊಳಗೆ ಕಾಲಿಡಲಾಗದ ಮಗುವಿಗೆ ಶಾಲೆಯೊಳಗೂ ಕಾಲಿಡಲಾಗುತ್ತಿರಲಿಲ್ಲ. ಕಟ್ಟಡವೆಂಬುದು ಕೇವಲ ಮಳೆಬಿಸಿಲಿನ ಪ್ರಶ್ನೆಯಲ್ಲವೆಂದು ನಾವು ಹೇಳುವುದು ಈ ಕಾರಣದಿಂದ.

ಮೈಸೂರು ಸಂಸ್ಥಾನದಲ್ಲಿಯೂ ೧೮೬೮ರಲ್ಲಿ ಬಿ. ಎಲ್. ರೈಸ್ ಅವರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯು ಇದೇ ಜಾಡಿನದು. ಹೋಬಳಿಗೊಂದು ಶಾಲೆ, ಆದರೆ ಮನೆಯನ್ನು ಊರವರು ಒದಗಿಸಬೇಕು. ಈ ಸಾದೃಶ್ಯವು ಸ್ವತಂತ್ರ ವಿವೇಚನೆಗೆ ಅರ್ಹವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಮುಂಬಯಿ ಇಲಾಖೆಯಲ್ಲಿ ೧೯೨೩ನೆಯ ವರ್ಷವು ಎರಡು ಕಾರಣಗಳಿಂದ ಮುಖ್ಯವಾದುದು. ಆ ವರ್ಷದ ಪ್ರಾಥಮಿಕ ಶಿಕ್ಷಣ ಕಾಯಿದೆಯು ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ವಹಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಎಸ್. ಕೆ. ಬೋಲೆಯವರು ಶಾಸನಸಭೆಯಲ್ಲಿ ಮಂಡಿಸಿದ ಠರಾವು, ಸಾರ್ವಜನಿಕ ಹಣದಿಂದ ನಿರ್ಮಿತವಾಗಿ ನಡೆಯುವ ಕೆರೆಬಾವಿ, ಧರ್ಮಶಾಲೆಗಳನ್ನೂ ಸಾರ್ವಜನಿಕ ಶಾಲೆಗಳನ್ನೂ ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆಯಬೇಕೆಂದು ವಿಧಿಸಿತು. ಮೊದಲನೆಯದು ಶಾಲೆಯ ಅಧಿಕಾರವನ್ನು ಊರಿನ ಪ್ರಮುಖರಿಗೆ ಸಮೀಪಗೊಳಿಸಿತು, ಎರಡನೆಯದು ಆ ಪ್ರಮುಖರು ಒಪ್ಪಲಾರದುದನ್ನು ಅವರಿಂದಲೇ ಅಪೇಕ್ಷಿಸಿತು. ಠರಾವಿನ ಆಚರಣೆಯು ಮಂದಗತಿಯಲ್ಲಿ ಸಾಗಿದುದರಲ್ಲಿ ಆಶ್ಚರ್ಯವಿಲ್ಲ. ಮೂರೇ ವರ್ಷಗಳಲ್ಲಿ, ೧೯೨೬ರಲ್ಲಿ, ಬೋಲೆಯವರು ಮತ್ತೊಂದು ಠರಾವನ್ನು ತಂದು, ಇದನ್ನು ಜಾರಿಗೆ ತಾರದ ಸ್ಥಳೀಯ ಸಂಸ್ಥೆಗಳಿಗೆ ಸರ್ಕಾರದ ಧನಸಹಾಯ ಸಲ್ಲದೆಂದು ಸೂಚಿಸಬೇಕಾಯಿತು.

೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೨೯ನೆಯ ಅನುಚ್ಛೇದದ ಎರಡನೆಯ ಖಂಡವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ರಾಜ್ಯವು ನಡೆಸುವ ಸಂಸ್ಥೆ, ರಾಜ್ಯದ ನಿಧಿಯಿಂದ ಸಹಾಯ ಪಡೆಯುವ ಸಂಸ್ಥೆ ಎಂದು ಅದೂ ಎರಡು ಬಗೆಗಳನ್ನು ಹೆಸರಿಸುತ್ತದೆ. ಧಾರವಾಡದ ಹುಡುಗನ ಮನವಿಯ ತರುವಾಯ ಮುಂಬಯಿ ಸರ್ಕಾರವು ಮಾಡಿದ್ದ ವಿಂಗಡಣೆಯೂ ಇದೇ ಆಗಿತ್ತು. ಈಗ ಜಾತಿಯ ಕಾರಣದಿಂದ ಪ್ರವೇಶವನ್ನು ನಿರಾಕರಿಸುವ ಹಕ್ಕು ಎರಡಕ್ಕೂ ಇಲ್ಲ.