755 ಬರೋದು ಯಾವಾಗ?

2020ರ ಮಾರ್ಚ್ ಮೊದಲ ವಾರ ನೆನಪಿದೆಯಾ? ಲಾಕ್‌ಡೌನ್ ಅನ್ನೋ ಪದ ಇನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ. ಸ್ಟುಡಿಯೋದಲ್ಲಿ ದಿನವಿಡೀ ಒಂದೇ ಸುದ್ದಿ, ಎಸ್‌ಬಿಐ ಕಾರ್ಡ್ಸ್ ಐಪಿಒ. ಷೇರಿಗೆ 755 ರೂಪಾಯಿ. 19 ಷೇರಿನ ಒಂದು ಲಾಟ್‌ಗೆ 14,345. ಬೇಡಿಕೆ 26 ಪಟ್ಟು! ಅದನ್ನು ಕೂಗಿ ಕೂಗಿ ಹೇಳಿದವರಲ್ಲಿ ನಾನೂ ಒಬ್ಬ.

ಮಾರ್ಚ್ 16ರಂದು ಷೇರು ಪೇಟೆಗೆ ಬಂತು. ಅಂದೇ ಸೆನ್ಸೆಕ್ಸ್ 2,700 ಅಂಕ ಕುಸಿಯಿತು. 755 ಕೊಟ್ಟವರ ಕೈಗೆ ಸಿಕ್ಕಿದ್ದು 658ರ ಷೇರು. ಕೊರೊನಾ ಕಾಟ, ಹೋಗಲಿ ಬಿಡಿ ಅಂದುಕೊಂಡರು ಜನ. 2021ರ ಸೆಪ್ಟೆಂಬರ್‌ನಲ್ಲಿ 1,100 ದಾಟಿದಾಗ ಮಾರಿದವರು ಗೆದ್ದರು. ಇನ್ನೂ ಏರತ್ತೆ ಅಂತ ಕಾದವರು ಕಾಯ್ತಾನೇ ಇದ್ದರು. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್, ಅಡಮಾನವಿಲ್ಲದ ಗ್ರಾಹಕ ಸಾಲಗಳಿಗೆ ಹೆಚ್ಚು ಬಂಡವಾಳ ತೆಗೆದಿಡಿ ಎಂದಿತು. ಕಾರ್ಡ್ ಸಾಲ ಮುಳುಗಿದರೆ ಹರಾಜು ಹಾಕೋಕೆ ಚಿನ್ನವೂ ಇಲ್ಲ, ಮನೆಯೂ ಇಲ್ಲ ನೋಡಿ. 2024ರ ಜೂನ್‌ನಲ್ಲಿ ನಿಫ್ಟಿ 24,000 ಮುಟ್ಟಿದಾಗ ಈ ಷೇರು ಇನ್ನೂ 700ರ ಆಸುಪಾಸಿನಲ್ಲೇ ಇತ್ತು. ನಾಲ್ಕು ವರ್ಷ! ಬ್ಯಾಂಕಿನ ಎಫ್‌ಡಿಯಲ್ಲಿ ಇಟ್ಟಿದ್ದರೂ ಬಡ್ಡಿ ಬರ್ತಿತ್ತು ಅನ್ನೋ ಸಿಟ್ಟು ಸುಳ್ಳಲ್ಲ.

ಹಾಗಾದರೆ ಕಂಪನಿ ದಿವಾಳಿಯಾಗಿತ್ತಾ? ಇಲ್ಲ. 2019–20ರಲ್ಲಿ 1,245 ಕೋಟಿ ಇದ್ದ ಲಾಭ, 2023–24ರಲ್ಲಿ 2,408 ಕೋಟಿ. ಹತ್ತಿರತ್ತಿರ ಎರಡು ಪಟ್ಟು! ಮತ್ತೆ ಷೇರು ಯಾಕೆ ಏಳಲಿಲ್ಲ? 755ರ ಲೆಕ್ಕದಲ್ಲಿ ಇಡೀ ಕಂಪನಿಗೆ ನಾವು ಕಟ್ಟಿದ ಬೆಲೆ ಸುಮಾರು 70 ಸಾವಿರ ಕೋಟಿ. ಅಂದರೆ ಐವತ್ತಕ್ಕೂ ಹೆಚ್ಚು ವರ್ಷಗಳ ಲಾಭ. ಮುಂದೆ ಬರಬೇಕಿದ್ದ ಬೆಳವಣಿಗೆಗೆ ಮೊದಲ ದಿನವೇ ದುಡ್ಡು ಕೊಟ್ಟು ಮುಗಿಸಿದ್ದೆವು.

ಇನ್ನೊಂದು ಮಾತು. ಆ ಐಪಿಒದಲ್ಲಿ ಸಂಗ್ರಹವಾದ 10 ಸಾವಿರ ಚಿಲ್ಲರೆ ಕೋಟಿಯಲ್ಲಿ ಕಂಪನಿಯ ಬೊಕ್ಕಸಕ್ಕೆ ಹೋದ ಹೊಸ ಬಂಡವಾಳ 500 ಕೋಟಿ ಮಾತ್ರ. ಉಳಿದದ್ದೆಲ್ಲ ತಮ್ಮ ಪಾಲು ಮಾರಿದ ಸ್ಟೇಟ್ ಬ್ಯಾಂಕ್ ಮತ್ತು ಕಾರ್ಲೈಲ್‌ಗೆ. ಇದರಲ್ಲಿ ಕದ್ದುಮುಚ್ಚಿ ಮಾಡಿದ್ದೇನೂ ಇಲ್ಲ, ಎಲ್ಲವೂ ಪ್ರಾಸ್ಪೆಕ್ಟಸ್‌ನಲ್ಲೇ ಇತ್ತು. 26 ಪಟ್ಟು ಅನ್ನೋದನ್ನು ದಿನಕ್ಕೆ ಹತ್ತು ಸಲ ಓದಿದ ನಾನು, ಆ 500 ಕೋಟಿಯನ್ನು ಒಂದು ಸಲವೂ ಓದಿದ ನೆನಪಿಲ್ಲ.

ಅದಕ್ಕೇ ಹೇಳ್ತೀನಿ, ಮುಂದಿನ ಸಲ ನಾವು ಐಪಿಒ, ಐಪಿಒ ಅಂತ ಕೂಗಿದಾಗ ಟಿವಿ ಸೌಂಡ್ ಸ್ವಲ್ಪ ಕಮ್ಮಿ ಮಾಡಿ, ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮಾರ್ತಿರೋದು ಯಾರು?