ಎದುರಾಳಿಯ ಸರದಿಯಲ್ಲಿ ಅಡ್ಡಬರುವ ಹಕ್ಕು

ಚದುರಂಗದಲ್ಲಿ ಒಬ್ಬನ ಸರದಿ ಮುಗಿಯುವವರೆಗೆ ಇನ್ನೊಬ್ಬನು ಕಾಯಿಗೆ ಕೈಹಚ್ಚುವಂತಿಲ್ಲ. ಎದುರಾಳಿಯ ಮಂತ್ರಿಯು ತನ್ನ ಆನೆಯ ದಾರಿಯನ್ನು ಅಡ್ಡಹಾಯ್ದು ಹೋದರೂ ಸುಮ್ಮನೆ ನೋಡುತ್ತಿರಬೇಕು. ರಣರಂಗದಲ್ಲಿ ಈ ಸೌಜನ್ಯವಿಲ್ಲ. ಅಲ್ಲಿ ಉಭಯ ಪಕ್ಷದವರೂ ಏಕಕಾಲದಲ್ಲಿ ಕಾದುವರು. ಸರದಿಯೆಂಬುದು ಆಟದ ಅನುಕೂಲಕ್ಕಾಗಿ ಕಲ್ಪಿತವಾದ ಕಟ್ಟಳೆಯೇ ಹೊರತು ಯುದ್ಧದ ಸ್ವಭಾವವಲ್ಲ. ಈ ಕಟ್ಟಳೆಯನ್ನು ಉಳಿಸಿಕೊಂಡೂ ಯುದ್ಧದ ಸತ್ಯವನ್ನು ಬಿಡದಿರುವುದು ಹೇಗೆ? ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟಗಳ ಯುದ್ಧನಿಯಮಗಳು ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳನ್ನು ಕೊಟ್ಟಿವೆ.

ಈ ಆಟಗಳ ಮೂಲವು ಜರ್ಮನಿಯ ಯುದ್ಧಕ್ರೀಡೆಯಲ್ಲಿದೆ. 1780ರಲ್ಲಿ ಬ್ರೌನ್‌ಶ್ವೈಗ್ ನಗರದ ಹೆಲ್‌ವಿಗ್ ಎಂಬ ಪಂಡಿತನು ಚದುರಂಗವನ್ನೇ ವಿಸ್ತರಿಸಿ ಸೈನ್ಯಗಳ ಆಟವೊಂದನ್ನು ರಚಿಸಿದನು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬವನು ಚೌಕಗಳನ್ನು ತೊರೆದು ಭೂಪಟದ ಮೇಲೆ ಆಟವನ್ನು ನಡೆಸಿದನು. ಅದರಲ್ಲಿ ಒಂದೊಂದು ಸುತ್ತೂ ಎರಡು ನಿಮಿಷಗಳ ಯುದ್ಧಕ್ಕೆ ಸಮ. ಉಭಯ ಪಕ್ಷದವರೂ ತಮ್ಮ ಆಜ್ಞೆಗಳನ್ನು ಮಧ್ಯಸ್ಥನಿಗೆ ಒಪ್ಪಿಸುವರು. ಅವನು ಎರಡನ್ನೂ ಒಟ್ಟಿಗೆ ನಡೆಸಿ, ದಾಳ ಉರುಳಿಸಿ ಫಲವನ್ನು ಹೇಳುವನು. ಅಡ್ಡಬರುವುದಕ್ಕೆ ಅಲ್ಲಿ ಪ್ರತ್ಯೇಕ ನಿಯಮ ಬೇಕಾಗಲಿಲ್ಲ. ಮಧ್ಯಸ್ಥನ ವಿವೇಕವೇ ನಿಯಮವಾಗಿತ್ತು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟವನ್ನು ಪ್ರಕಟಿಸಿದರು. ಇಲ್ಲಿ ಆಟಗಾರನು ಸೈನ್ಯದ ಒಡೆಯನಲ್ಲ. ಒಬ್ಬನೇ ವೀರನ, ಇಲ್ಲವೆ ಒಬ್ಬನೇ ಮಾಂತ್ರಿಕನ ಪಾತ್ರವನ್ನು ವಹಿಸುವನು. ಸೈನ್ಯದ ಸಾಲೊಂದು ಅಳಿದರೆ ಅದು ಲೆಕ್ಕದ ನಷ್ಟ; ತಿಂಗಳುಗಟ್ಟಲೆ ಬೆಳೆಸಿದ ವೀರನು ಅಳಿದರೆ ಅದು ಶೋಕ. ಆದುದರಿಂದ ಯಾರು ಮೊದಲು ಹೊಡೆಯಬೇಕು, ಯಾರು ಯಾರನ್ನು ತಡೆಯಬಹುದು ಎಂಬ ಮಾತು ಇಲ್ಲಿ ಜೀವನ್ಮರಣದ ಪ್ರಶ್ನೆಯಾಯಿತು.

1979ರಲ್ಲಿ ಗೈಗ್ಯಾಕ್ಸ್ ಬರೆದ ಆಟನಾಯಕನ ಕೈಪಿಡಿಯು ಕಾಲವನ್ನೇ ಸೀಳಿ ಉತ್ತರವನ್ನು ಹುಡುಕಿತು. ಒಂದು ನಿಮಿಷದ ಸುತ್ತನ್ನು ಆರಾರು ಸೆಕೆಂಡಿನ ಹತ್ತು ತುಂಡುಗಳಾಗಿ ಭಾಗಿಸಿ, ಪ್ರತಿಯೊಂದು ಮಂತ್ರಕ್ಕೂ ಪಠನಕಾಲವನ್ನು ಗೊತ್ತುಪಡಿಸಲಾಯಿತು. ಮಂತ್ರ ಮುಗಿಯುವುದರೊಳಗೆ ಮಾಂತ್ರಿಕನಿಗೆ ಏಟು ಬಿದ್ದರೆ ಮಂತ್ರವು ಕೆಟ್ಟುಹೋಗುವುದು. ಬೆನ್ನು ತೋರಿಸಿ ಓಡುವವನ ಮೇಲೆ ಶತ್ರುವಿಗೆ ಬಿಟ್ಟಿ ಏಟೊಂದು ದೊರೆಯುವುದು. ಈ ಲೆಕ್ಕವು ಯುದ್ಧಕ್ಕೆ ಹತ್ತಿರವಾಗಿತ್ತು. ಆದರೆ ಆಡುವವರಿಗೆ ತೊಡಕಾಗಿತ್ತು.

2000ದ ಮೂರನೆಯ ಆವೃತ್ತಿಯಲ್ಲಿ ಕ್ರಮವು ಬದಲಾಯಿತು. ಸುತ್ತು ಆರು ಸೆಕೆಂಡಿಗೆ ಇಳಿಯಿತು. ಒಬ್ಬೊಬ್ಬನೂ ತನ್ನ ಸರದಿಯಲ್ಲಿ ಎಲ್ಲವನ್ನೂ ಮುಗಿಸತೊಡಗಿದನು. ಹೀಗೆ ಸರದಿಯು ಗಟ್ಟಿಯಾದಷ್ಟೂ ಅದನ್ನು ಭೇದಿಸುವ ಬಾಗಿಲುಗಳೂ ಅಗತ್ಯವಾದುವು. ಇಲ್ಲವಾದರೆ ಕಾವಲುಗಾರನ ಮುಂದೆಯೇ ಕಳ್ಳನು ಓಡಿಹೋದರೂ ಕಾವಲುಗಾರನು ಕಲ್ಲಾಗಿ ನಿಲ್ಲಬೇಕಾಗುತ್ತಿತ್ತು. ಆ ಬಾಗಿಲುಗಳು ಎರಡು. ಮೊದಲನೆಯದು ಅವಕಾಶದ ಏಟು: ಕತ್ತಿಯ ಅಳವಿನಲ್ಲಿರುವವನು ಎಚ್ಚರ ತಪ್ಪಿ ಅಲ್ಲಿಂದ ಚಲಿಸಿದರೆ, ಅಥವಾ ಅಲ್ಲಿಯೇ ಬಿಲ್ಲು ಬಿಟ್ಟರೆ, ಅವನ ಸರದಿಯಲ್ಲಿಯೇ ಅವನನ್ನು ಹೊಡೆಯಬಹುದು. ಎರಡನೆಯದು ಕಾದಿಟ್ಟ ಕಾರ್ಯ: 'ಬಾಗಿಲು ತೆರೆದೊಡನೆ ಬಾಣ ಬಿಡುವೆನು' ಎಂದು ಮೊದಲೇ ಸಾರಿ, ತನ್ನ ಸರದಿಯನ್ನು ಅದಕ್ಕಾಗಿ ತೆರಬೇಕು. ಮೊದಲನೆಯದು ಎದುರಾಳಿಯ ತಪ್ಪಿನಿಂದ ಬಂದ ಹಕ್ಕು. ಎರಡನೆಯದು ತನ್ನ ತಾಳ್ಮೆಯಿಂದ ಕೊಂಡ ಹಕ್ಕು.

2008ರ ನಾಲ್ಕನೆಯ ಆವೃತ್ತಿಯು ವ್ಯಾಕರಣಶಾಸ್ತ್ರದಂತೆ ವರ್ಗೀಕರಣಕ್ಕೆ ತೊಡಗಿತು. ಶತ್ರುವಿನ ಕಾರ್ಯವು ಫಲಿಸುವುದಕ್ಕೆ ಮುನ್ನವೇ ನಡೆದು ಅದನ್ನು ವ್ಯರ್ಥಗೊಳಿಸಬಲ್ಲುದು ತಡೆ; ಫಲಿಸಿದ ಮೇಲೆ ನಡೆಯುವುದು ಪ್ರತಿಕ್ರಿಯೆ. ಬೀಳುವ ಕತ್ತಿಯ ಮುಂದಿನಿಂದ ಮಿತ್ರನನ್ನು ಸೆಳೆದುಕೊಳ್ಳುವುದಕ್ಕೂ, ಬಿದ್ದ ಮೇಲೆ ಮರುಏಟು ಕೊಡುವುದಕ್ಕೂ ಇರುವ ಅಂತರವು ಹೀಗೆ ಸ್ಫುಟವಾಯಿತು. ಆದರೆ ಇಂಥ ಶಕ್ತಿಗಳು ಪ್ರತಿಯೊಬ್ಬನಲ್ಲಿಯೂ ಬೆಳೆಯುತ್ತ ಹೋಗಲಾಗಿ, ಒಬ್ಬನ ಸರದಿಯು ಎಲ್ಲರ ಸರದಿಯಾಗಿ ಆಟವು ಕುಂಟುವುದೆಂಬ ಆಕ್ಷೇಪಣೆಯೂ ಎದ್ದಿತು.

2014ರ ಐದನೆಯ ಆವೃತ್ತಿಯು ಮಿತವ್ಯಯವನ್ನು ಹಿಡಿಯಿತು. ತನ್ನ ಒಂದು ಸರದಿಯಿಂದ ಮುಂದಿನ ಸರದಿಯವರೆಗೆ ಪ್ರತಿಯೊಬ್ಬನಿಗೂ ಒಂದೇ ಪ್ರತಿಕ್ರಿಯೆ. ಓಡುವವನನ್ನು ಹೊಡೆದವನಿಗೆ ಆ ಸುತ್ತಿನಲ್ಲಿ ಮಂತ್ರವನ್ನು ತಡೆಯಲಾಗದು. ಆದರೂ ಎದುರಾಳಿಯ ಮಂತ್ರವನ್ನು ಅಳಿಸುವ ಪ್ರತಿಮಂತ್ರವು ವಾದಕ್ಕೆ ಎಡೆಯಾಗಿಯೇ ಉಳಿಯಿತು. ಏಕೆಂದರೆ ತಡೆಯಲ್ಪಟ್ಟವನು ಸರದಿಯ ಫಲವನ್ನೂ ಮಂತ್ರವ್ಯಯವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದನು. 2024ರ ಪರಿಷ್ಕರಣದಲ್ಲಿ ಮಾಂತ್ರಿಕನು ತನ್ನ ದೇಹದಾರ್ಢ್ಯದಿಂದ ಪ್ರತಿಮಂತ್ರವನ್ನು ಎದುರಿಸಿ ನಿಲ್ಲಲು ಅವಕಾಶವಾಯಿತು. ಸೋತರೂ ಅವನ ಮಂತ್ರವ್ಯಯವು ಉಳಿಯುವಂತಾಯಿತು.

ಈ ಇನ್ನೂರು ವರ್ಷಗಳ ಕ್ರಮವನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮಧ್ಯಸ್ಥನ ವಿವೇಕಕ್ಕೆ ಬಿಟ್ಟಿದ್ದುದನ್ನು ಅಕ್ಷರದ ನಿಯಮಕ್ಕೆ ತಂದಂತೆಲ್ಲ, ಅಡ್ಡಬರುವ ಹಕ್ಕಿಗೆ ಬೆಲೆಯನ್ನೂ ಕಟ್ಟಬೇಕಾಯಿತು. ಈ ಹಕ್ಕು ಇಲ್ಲವೇ ಇಲ್ಲವಾದರೆ ಯುದ್ಧವು ನಿರ್ಜೀವವಾಗುವುದು; ಮಿತಿಯಿಲ್ಲದಿದ್ದರೆ ಯಾರಿಗೂ ಸರದಿಯೇ ಉಳಿಯದು. ಇನ್ನೊಬ್ಬನ ಮಾತಿನ ನಡುವೆ ಬಾಯಿಹಾಕುವವನು ತನ್ನದೇನನ್ನಾದರೂ ತೆತ್ತು ಆ ಹಕ್ಕನ್ನು ಪಡೆಯಬೇಕೆಂಬ ಸಭಾಮರ್ಯಾದೆಯೇ ಕಡೆಗೆ ಯುದ್ಧನಿಯಮವಾಗಿ ನಿಂತಿತು.