ಕಂಬ ಹತ್ತುವ ವಿದ್ಯೆ

ಮಳೆಗಾಲದ ರಾತ್ರಿ ಕರೆಂಟು ಹೋದೊಡನೆ ನಮ್ಮ ವಠಾರದಲ್ಲಿ ಮೊದಲು ಕೇಳಿಬರುತ್ತಿದ್ದುದು ಬೈಗುಳ. "ಆ ಲೈನ್‌ಮನ್ ಎಲ್ಲಿ ಬಿದ್ಕೊಂಡಿದಾನೋ!" ಎಂದು ಒಬ್ಬರು ಶುರು ಮಾಡಿದರೆ, ಪಕ್ಕದ ಮನೆಯವರು ಅದಕ್ಕೊಂದು ಒಗ್ಗರಣೆ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಏಕೆಂದರೆ ಆ ಲೈನ್‌ಮನ್ ನಮ್ಮ ಅಪ್ಪ. ಊಟ ಅರ್ಧಕ್ಕೇ ಬಿಟ್ಟು, ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಸೈಕಲ್ಲಿಗೆ ಹಗ್ಗ ಸುತ್ತಿ ಹೊರಟುಬಿಡುತ್ತಿದ್ದರು. ಅಮ್ಮ ಸೀಮೆಎಣ್ಣೆ ಬುಡ್ಡಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ದೀಪ ಬಂದಾಗ ಊರಿಗೆಲ್ಲ ಖುಷಿ. ಅಮ್ಮನಿಗೆ ಮಾತ್ರ ಸೈಕಲ್ ಬೆಲ್ಲಿನ ಸದ್ದು ಕೇಳಿದ ಮೇಲೆಯೇ ಸಮಾಧಾನ.

ಅಪ್ಪ ಈ ಕೆಲಸವನ್ನು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. 1962ರಲ್ಲಿ ಕಂಬ ನೆಡುವ ಗುಂಪಿಗೆ ಗುಂಡಿ ತೋಡಲು ಸೇರಿದರು. ಆಮೇಲೆ ಏಣಿ ಹೊತ್ತರು, ಹಗ್ಗ ಎಳೆದರು, ಮೇಲೆ ಹತ್ತಿದವರಿಗೆ ಕೆಳಗಿನಿಂದ ಪಿಂಗಾಣಿ ಕಟ್ಟಿ ಕಳಿಸಿದರು. ಒಂದು ದಿನ ಮೇಸ್ತ್ರಿ "ನೀನೇ ಹತ್ತಯ್ಯ" ಎಂದ, ಹತ್ತಿದರು. ಅಷ್ಟೇ ಅವರ ವಿದ್ಯಾಭ್ಯಾಸ. ತಂತಿಯನ್ನು ಬಿಗಿಯುವುದು, ಫ್ಯೂಸ್ ಕಟ್ಟುವುದು, ಕಂಬದ ಬುಡ ತಟ್ಟಿ ಗಟ್ಟಿಯೋ ಟೊಳ್ಳೋ ಹೇಳುವುದು, ಎಲ್ಲವೂ ನೋಡಿ ಕಲಿತದ್ದು. ಅಡಿಗೆಯನ್ನು ನಾವು ಅಮ್ಮನ ಬೆನ್ನ ಹಿಂದೆ ನಿಂತು ಕಲಿತೆವಲ್ಲ, ಹಾಗೆ. ಆದರೆ ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು. ಅಲ್ಲಿ ತಪ್ಪಿದರೆ ತಿದ್ದಲು ಅವಕಾಶವೇ ಇಲ್ಲ.

ಅಪ್ಪ ತಪ್ಪಿದ್ದು 1974ರ ಒಂದು ಸಂಜೆ. ಗಾಳಿಮಳೆಗೆ ಕೊಂಬೆ ಬಿದ್ದು ತಂತಿ ಹರಿದಿತ್ತು. ಅಪ್ಪ ಟಿ.ಸಿ.ಯ ಹತ್ತಿರ ಹೋಗಿ ಸ್ವಿಚ್ ಇಳಿಸಿದರು, ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡರು. ಇನ್ನೇನು ಭಯ? ಅರ್ತಿಂಗ್ ಮಾಡುವ ಕೋಲು ಸೈಕಲ್ಲಿನಲ್ಲೇ ಇತ್ತು. ಒಂದು ಕೊಂಬೆ ತೆಗೆದು ಗಂಟು ಹಾಕುವುದಕ್ಕೆ ಅದೇಕೆ ಎಂದುಕೊಂಡರಂತೆ. ಆದರೆ ಹರಿದ ತಂತಿಯ ಆಚೆ ತುದಿಯಲ್ಲಿ ಒಂದು ಅಕ್ಕಿ ಮಿಲ್ಲಿತ್ತು. ಕರೆಂಟು ಹೋಯಿತೆಂದು ಮಿಲ್ಲಿನವರು ಜನರೇಟರ್ ಹಾಕಿದರು. ಹೊರಗಿನ ಲೈನನ್ನು ಬೇರ್ಪಡಿಸಿರಲಿಲ್ಲ. ಆ ಕರೆಂಟು ಬಂದ ದಾರಿಯಲ್ಲೇ ಹಿಂದಕ್ಕೆ ಹರಿದು ಅಪ್ಪನ ಬಲಗೈ ಹಿಡಿದ ತಂತಿಗೆ ಬಂತು. ಸೊಂಟದ ಬೆಲ್ಟು ಇದ್ದುದರಿಂದ ಅವರು ನೆಲಕ್ಕೆ ಬೀಳಲಿಲ್ಲ, ಕಂಬಕ್ಕೆ ಜೋತುಬಿದ್ದರು. ಜೀವ ಉಳಿಯಿತು. ಎರಡು ಬೆರಳು ಹೋದವು.

ಆಗ ನನಗೆ ಹನ್ನೊಂದು ವರ್ಷ. ಆಸ್ಪತ್ರೆಯಿಂದ ಬಂದ ಅಪ್ಪನಿಗೆ ಅಮ್ಮ ಅನ್ನ ಕಲಸಿ ಬಾಯಿಗಿಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ಕೆಲಸಕ್ಕೆ ಸೇರಿದ ಪ್ರತಿಯೊಬ್ಬ ಹೊಸ ಹುಡುಗನನ್ನೂ ಅಪ್ಪ ನಮ್ಮ ಜಗುಲಿಯ ಮೇಲೆ ಕೂರಿಸಿ, ಕಾಫಿ ಕೊಡಿಸಿ, ಆ ಕೈಯನ್ನು ಮುಂದೆ ಚಾಚುತ್ತಿದ್ದರು. "ಸ್ವಿಚ್ ತೆಗೆದ್ರೆ ಸಾಲದು ಕಣಪ್ಪ. ಎರಡೂ ಕಡೆ ತಂತಿನ ಭೂಮಿಗೆ ಕಟ್ಟಿ ಆಮೇಲೆ ಮುಟ್ಟು. ಕರೆಂಟು ಯಾವ ಕಡೆಯಿಂದಾದ್ರೂ ಬರಲಿ, ನೆಲಕ್ಕೆ ಹೋಗುತ್ತೆ, ನಿನ್ನ ಹತ್ರ ಬರಲ್ಲ." ಆ ಹುಡುಗರಿಗೆ ಅಪ್ಪನ ಕೈಯೇ ಪಠ್ಯಪುಸ್ತಕ.

ದೊಡ್ಡವಳಾದ ಮೇಲೆ ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯನ್ನು ಓದುವಾಗ ನನಗೆ ಈ ಜಗುಲಿಯೇ ನೆನಪಾಗುತ್ತಿತ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಸುಮಾರು 92 ಮೈಲಿ ಉದ್ದದ ತಂತಿ, ಅದರಲ್ಲಿ 35,000 ವೋಲ್ಟು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಯೋಜನೆಗೆ ಒತ್ತಾಸೆಯಾದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರು ಪುಸ್ತಕದಲ್ಲಿದೆ, ನಕ್ಷೆ ಹಾಕಿದ ಇಂಜಿನಿಯರ್ ಲೊಟ್‌ಬಿನಿಯೇರ್ ಅವರ ಹೆಸರಿದೆ. ಕಾಡುಮೇಡು ದಾಟಿಸಿ ಆ 92 ಮೈಲಿ ತಂತಿ ಎಳೆದವರ ಹೆಸರನ್ನು ಯಾರು ಬರೆದಿಟ್ಟಾರು?

ಕಲಿಕೆಯ ವಿಷಯದಲ್ಲೂ ಇದೇ ಕಥೆ. ಕಾಗದದ ಮೇಲೆ ಗೆರೆ ಎಳೆಯುವವರಿಗಾಗಿ ಬೆಂಗಳೂರಿನಲ್ಲಿ 1917ರಲ್ಲೇ ಇಂಜಿನಿಯರಿಂಗ್ ಕಾಲೇಜು ಬಂತು. ಕೈಕೆಲಸದವರಿಗಾಗಿ ದೇಶದ ತುಂಬ ಐ.ಟಿ.ಐ.ಗಳನ್ನು ಹಬ್ಬಿಸಿದ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಕೆಲಸದ ಜಾಗದಲ್ಲೇ ಕಲಿಯುವ ಹುಡುಗರಿಗೆ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಅಷ್ಟರಲ್ಲಿ, 1957ರ ಅಕ್ಟೋಬರಿನಲ್ಲಿ, ರಾಜ್ಯದ ವಿದ್ಯುತ್ ಮಂಡಳಿಯೂ ಹುಟ್ಟಿತ್ತು. ಹಳ್ಳಿಹಳ್ಳಿಗೆ ಕಂಬ ನಡೆದುಹೋಗುತ್ತಿದ್ದ ಕಾಲ ಅದು. ಕಂಬಗಳ ವೇಗಕ್ಕೆ ಶಾಲೆಗಳು ಎಲ್ಲಿ ಓಡಿಯಾವು? ಅಪ್ಪನಂಥವರು ಹಗ್ಗ ಹಿಡಿದೇ ಕಲಿತರು.

ಮುಂದೆ 1999ರಲ್ಲಿ ಮಂಡಳಿ ಹೋಗಿ ನಿಗಮವಾಯಿತು, 2002ರಲ್ಲಿ ಮನೆಮನೆಗೆ ವಿದ್ಯುತ್ ಹಂಚುವ ಕಂಪನಿಗಳಾದವು. ಲೈನ್‌ಮನ್ ಕಾಗದಪತ್ರದಲ್ಲಿ ಮಾರ್ಗದಾಳುವಾದ, ಈಚೆಗೆ ಪವರ್‌ಮ್ಯಾನ್ ಆದ. ಹೆಸರು ಬದಲಾದರೂ ಹತ್ತುವ ಕಂಬ ಅದೇ.

ಇಷ್ಟೆಲ್ಲ ಈಗ ನೆನಪಾಗಲು ಕಾರಣ ನನ್ನ ತಂಗಿಯ ಮಗ. ಐ.ಟಿ.ಐ.ನಲ್ಲಿ ಎರಡು ವರ್ಷದ ವೈರ್‌ಮನ್ ಕೋರ್ಸಿಗೆ ಸೇರಿದ್ದ. 2024ರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ತಾನೂ ಹಾಕುತ್ತೇನೆಂದ. ಎಸ್.ಎಸ್.ಎಲ್.ಸಿ. ಆಗಿದ್ದರೆ ಸಾಕು. ಆದರೆ ಎಂಟು ಮೀಟರ್ ಕಂಬ ಹತ್ತಿ ತೋರಿಸಲೇಬೇಕು. ಓಟ, ಸ್ಕಿಪ್ಪಿಂಗ್, ಗುಂಡು ಎಸೆತ ಬೇರೆ. ತಂಗಿ ಅಡ್ಡ ಮಲಗಿದಳು. "ಅಪ್ಪನ ಕೈ ನೋಡ್ಕೊಂಡೇ ಬೆಳೆದಿದೀನಿ ಕಣೇ ಅಕ್ಕ. ಮತ್ತೆ ಬಾಗಿಲಲ್ಲಿ ನಿಂತು ಕಾಯಕ್ಕೆ ನನ್ನಿಂದಾಗಲ್ಲ. ಅವನಿಗೆ ನೀನಾದರೂ ಬುದ್ಧಿ ಹೇಳು" ಎಂದು ಫೋನಿನಲ್ಲಿ ಅತ್ತಳು.

ಬುದ್ಧಿ ಹೇಳುವ ಮೊದಲು ನೋಡಿಬರೋಣವೆಂದು ಅವನ ಐ.ಟಿ.ಐ.ಗೆ ಹೋದೆ. ಅಂಗಳದಲ್ಲಿ ಕರೆಂಟಿಲ್ಲದ ಎರಡು ಕಂಬ, ನಡುವೆ ನಾಲ್ಕು ತಂತಿ. ಹುಡುಗರು ಒಬ್ಬೊಬ್ಬರಾಗಿ ಬೆಲ್ಟು ಕಟ್ಟಿ ಹತ್ತುತ್ತಿದ್ದರು. ಮೇಷ್ಟ್ರು ಕೆಳಗೆ ನಿಂತು ಪ್ರತಿಯೊಬ್ಬನ ಬಾಯಲ್ಲೂ ಪಾಠ ಹೇಳಿಸುತ್ತಿದ್ದರು: ಮೊದಲು ಲೈನ್ ಕ್ಲಿಯರ್ ಪಡೆ, ಸ್ವಿಚ್ ತೆಗೆ, ಬೀಗ ಹಾಕು, ಟೆಸ್ಟರಿನಿಂದ ನೋಡು, ಎರಡೂ ಕಡೆ ಅರ್ತ್ ಮಾಡು, ಆಮೇಲೆ ಮುಟ್ಟು. ಸತ್ತ ತಂತಿಯ ಮೇಲೂ ಆ ಹುಡುಗರು ಅರ್ತಿಂಗ್ ಕೋಲನ್ನು ಬಿಡದೆ ಕಟ್ಟುತ್ತಿದ್ದರು. ನಮ್ಮ ಜಗುಲಿಯ ಮೇಲೆ ಅಪ್ಪ ಹೇಳುತ್ತಿದ್ದ ಮಾತೇ. ವ್ಯತ್ಯಾಸ ಇಷ್ಟೇ: ಅಪ್ಪ ಅದನ್ನು ಬೆರಳು ಕೊಟ್ಟು ಕಲಿತಿದ್ದರು, ಈ ಮಕ್ಕಳಿಗೆ ಕರಿಹಲಗೆಯ ಮೇಲೆ ಸಿಕ್ಕಿತ್ತು.

ಹುಡುಗಿಯರು ಯಾರೂ ಇರಲಿಲ್ಲ. ಕೇಳಿದ್ದಕ್ಕೆ ಮೇಷ್ಟ್ರು ನಕ್ಕರು. "ಹೆಸರೇ ಪವರ್‌ಮ್ಯಾನ್ ಅಲ್ವೇ ಅಮ್ಮಾ?" ಪಕ್ಕದ ತೆಲಂಗಾಣದ ಸಂಗತಿ ಹೇಳಿದೆ. 2019ರಲ್ಲಿ ಅಲ್ಲಿ ಲೈನ್‌ಮನ್ ಕೆಲಸಕ್ಕೆ ಗಂಡಸರನ್ನು ಮಾತ್ರ ಕರೆದಿದ್ದರು. ಹೆಣ್ಣುಮಕ್ಕಳು ಹೈಕೋರ್ಟಿಗೆ ಹೋದರು. ನ್ಯಾಯಾಲಯ ಪರೀಕ್ಷೆಗೆ ಅವಕಾಶ ಕೊಡಿ ಎಂದಿತು. ಸಿದ್ದಿಪೇಟೆ ಕಡೆಯ ಬಬ್ಬೂರಿ ಶಿರೀಷಾ ಎಂಬಾಕೆ 2020ರ ಕೊನೆಯಲ್ಲಿ ಎಂಟು ಮೀಟರ್ ಕಂಬವನ್ನು ಸರಸರನೆ ಹತ್ತಿ ಇಳಿದಳು, ಮುಂದೆ ಕೆಲಸಕ್ಕೂ ಸೇರಿದಳು. ಮೇಷ್ಟ್ರು ಈ ಸಲ ನಗಲಿಲ್ಲ. "ಹತ್ತೋದನ್ನ ಕಲಿಸಬಹುದಮ್ಮ, ಅದೇನೂ ಹುಟ್ಟಿನಿಂದ ಬರೋದಲ್ಲ" ಎಂದರು.

ಆ ಭಾನುವಾರ ತಂಗಿಯ ಮನೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಹೇಳುವ ಕೆಲಸವೇ ಬರಲಿಲ್ಲ. ರಾತ್ರಿಯೆಲ್ಲ ಮಗ ಮುಖ ಊದಿಸಿಕೊಂಡು ಕೂತಿದ್ದನ್ನು ನೋಡಲಾರದೆ ತಂಗಿ ಅರೆಮನಸ್ಸಿನಿಂದ ಒಪ್ಪಿದ್ದಳು. ಒಪ್ಪಿದವಳು ಅಟ್ಟದ ಮೇಲಿನ ಟ್ರಂಕಿನಿಂದ ಅಪ್ಪನ ಹಳೆಯ ಬೆಲ್ಟನ್ನು ತೆಗೆದು, ಬಟ್ಟೆಯಿಂದ ಒರೆಸಿ, ದೇವರ ಮುಂದಿಟ್ಟು, ಮಗನ ಕೈಗೆ ಕೊಟ್ಟಳು. "ತಾತನ ಜೀವ ಕಾಪಾಡಿದ್ದು ಇದೇ. ನಾಳೆಯಿಂದ ಇದನ್ನೇ ಕಟ್ಕೊಂಡು ಹತ್ತು."

ಅವನು ಬೆಲ್ಟನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಮಡಚಿ ನೋಡಿದ, ಹೊಲಿಗೆಯನ್ನು ಉಗುರಿನಿಂದ ಕೆರೆದ, ಕೊಂಡಿಯನ್ನು ಎಳೆದು ನೋಡಿದ.

"ಇದನ್ನ ಕಟ್ಕೊಂಡು ಹತ್ತಬಾರದಮ್ಮ. ಚರ್ಮ ಬಿರುಕು ಬಿಟ್ಟಿದೆ, ಹೊಲಿಗೆ ಸಡಿಲ. ಹತ್ತೋ ಮೊದಲು ಪ್ರತಿದಿನ ಬೆಲ್ಟ್ ನೋಡಬೇಕು ಅಂತ ಹೇಳಿಕೊಟ್ಟಿದಾರೆ. ಇದು ಮನೇಲೇ ಇರಲಿ" ಎಂದ. ಪೂಜೆ ಮಾಡಿದ ವಸ್ತುವನ್ನು ಬೇಡವೆಂದನಲ್ಲ ಎಂದು ತಂಗಿ ಬೇಸರಪಟ್ಟಾಳೇನೋ ಎಂದು ನಾನು ಅವಳ ಮುಖ ನೋಡಿದೆ.

ತಂಗಿ ಮಗನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬೆಲ್ಟನ್ನು ವಾಪಸು ತೆಗೆದುಕೊಂಡು ಟ್ರಂಕಿಗಿಟ್ಟಳು. "ಅರ್ಜಿಗೆ ಎಷ್ಟು ಕಟ್ಟಬೇಕೋ?" ಎಂದು ಕೇಳುತ್ತ ಸಾಸಿವೆ ಡಬ್ಬಿಗೆ ಕೈ ಹಾಕಿದಳು.